ಅಚ್ಚಿನ ತಪ್ಪು, ಕಾಲದ ಪೆಟ್ಟು

ನನ್ನ ಮೇಜಿನ ಮೇಲೆ ಎರಡು ತಾಮ್ರದ ಕಾಲಾಣೆಗಳಿವೆ. ಎರಡರ ಮುಂಬದಿಯಲ್ಲಿಯೂ ವಿಕ್ಟೋರಿಯಾ ರಾಣಿಯ ಮುಖ ಉಬ್ಬಿ ನಿಂತಿದೆ. ಹಿಂದೆ ತಿರುಗಿಸಿದರೆ, ನಾಣ್ಯದ ಬೆಲೆಯೂ ಹೂಬಳ್ಳಿಯ ಅಲಂಕಾರವೂ ಇರಬೇಕಾದೆಡೆಯಲ್ಲಿ ಅದೇ ರಾಣಿಯ ಮುಖ ತಗ್ಗಾಗಿ, ಎಡಬಲ ಬದಲಾಗಿ, ಕನ್ನಡಿಯಲ್ಲಿ ಕಂಡಂತೆ ಕಾಣುತ್ತದೆ. ಮೇಲುನೋಟಕ್ಕೆ ಎರಡೂ ಅವಳಿಜವಳಿ. ಆದರೆ ಒಂದು ಟಂಕಸಾಲೆಯಲ್ಲಿ ಹುಟ್ಟಿದ ತಪ್ಪು. ಇನ್ನೊಂದು ಯಾರೋ ಕೈಯಾರೆ ಮಾಡಿದ ಮೋಸ. ನಾನು ಮೊದಲು ಕೊಂಡುದು ಮೋಸದ ನಾಣ್ಯವನ್ನೇ. ತಿಂಗಳ ಸಂಬಳದಲ್ಲೊಂದು ಪಾಲನ್ನು ತೆತ್ತು, ಕಂಡಕಂಡವರಿಗೆಲ್ಲ ತೋರಿಸಿ ಹಿಗ್ಗಿದುದೂ ಉಂಟು.

ಆ ಹಿಗ್ಗನ್ನು ಇಳಿಸಿದವರು ಹಿರಿಯ ಮಿತ್ರರೊಬ್ಬರು. ಭೂತಗನ್ನಡಿಯನ್ನು ನನ್ನ ಕೈಗಿತ್ತು, “ಮೇಷ್ಟ್ರೆ, ಈ ಗುರುತು ಮೊದಲೋ, ಅಚ್ಚು ಮೊದಲೋ? ಅದೊಂದನ್ನು ಹೇಳಿ” ಎಂದರು. ನಾಣ್ಯಶೋಧನೆಯ ಅರ್ಧ ಪಾಠ ಆ ಒಂದು ಪ್ರಶ್ನೆಯಲ್ಲಿದೆ. ನಾಣ್ಯದ ಬಾಳಿನಲ್ಲಿ ಮೂರು ಘಟ್ಟಗಳುಂಟು: ಬರಿಯ ಬಿಲ್ಲೆಯಾಗಿದ್ದ ಕಾಲ, ಅಚ್ಚಿನ ಪೆಟ್ಟು ಬಿದ್ದ ಕ್ಷಣ, ಅಲ್ಲಿಂದಾಚೆಗೆ ಕೈಯಿಂದ ಕೈಗೆ ತಿರುಗಿದ ಕಾಲ. ಮೊದಲೆರಡರಲ್ಲಿ ಆದುದು ಟಂಕಸಾಲೆಯ ತಪ್ಪು. ಮೂರನೆಯದರಲ್ಲಿ ಆದುದೆಲ್ಲ ಲೋಕದ ಪೆಟ್ಟು.

ನಿಜವಾದ ಇಮ್ಮುಖದ ಕಾಲಾಣೆ ಹುಟ್ಟುವ ಬಗೆ ಹೀಗೆ: ಅಚ್ಚಾದ ನಾಣ್ಯವೊಂದು ಕೆಳಗೆ ಬೀಳದೆ ಒಂದು ಅಚ್ಚಿಗೇ ಅಂಟಿಕೊಳ್ಳುತ್ತದೆ. ಅದರ ಎದುರಿಗೆ ಹೊಸ ಬಿಲ್ಲೆ ಬಂದು ಕೂರುತ್ತದೆ. ಯಂತ್ರದ ಒತ್ತಡಕ್ಕೆ ಬಿಲ್ಲೆಯ ಒಂದು ಬದಿಯಲ್ಲಿ ಅಚ್ಚಿನ ಮುಖ ಸರಿಯಾಗಿ ಮೂಡಿದರೆ, ಇನ್ನೊಂದು ಬದಿಯಲ್ಲಿ ಅಂಟಿದ ನಾಣ್ಯದ ಮುಖ ಒತ್ತಿ ತಗ್ಗಾಗುತ್ತದೆ. ಆ ಬದಿಯನ್ನು ಹೂಬಳ್ಳಿಯ ಅಚ್ಚು ಎಂದೂ ಮುಟ್ಟಿಲ್ಲ. ಆದುದರಿಂದ ಅಲ್ಲಿ ಎಲೆಯೊಂದರ ಕುರುಹೂ ಇರಕೂಡದು.

ನನ್ನ ನಾಣ್ಯದಲ್ಲಿ ಇದ್ದಿತು. ರಾಣಿಯ ಕೆನ್ನೆಯ ತಗ್ಗಿನಲ್ಲಿ ಚಪ್ಪಟೆಯಾದ ಬಳ್ಳಿಯ ಸುರುಳಿ, ಹಣೆಯ ಹತ್ತಿರ ಮುರಿದ ಅಕ್ಷರ. ಯಾರೋ ಎರಡು ಕಾಲಾಣೆಗಳನ್ನು ಜೋಡಿಸಿ, ತಿರುಪಿನ ಇಕ್ಕಳದಲ್ಲಿ ಬಿಗಿದು ಒತ್ತಿದ್ದರು. ಇಕ್ಕಳದ ದವಡೆಗೆ ಸಿಕ್ಕಿದ ಮುಂಬದಿಯ ಮೂಗು, ಮುಡಿಗಳೂ ತುಸು ತಟ್ಟೆಯಾಗಿದ್ದುವು. ಮೋಸಗಾರ ಇನ್ನೂ ಜಾಣನಾಗಿದ್ದರೆ ಬಳ್ಳಿಯನ್ನು ಮೊದಲೇ ಅರದಿಂದ ಉಜ್ಜಿ ಅಳಿಸುತ್ತಿದ್ದನು. ಆಗ ತಕ್ಕಡಿ ಸಾಕ್ಷಿ ಹೇಳುತ್ತಿತ್ತು. ಏಕೆಂದರೆ ಕಾಲಾಣೆಯ ತೂಕ 100 ಗ್ರೇನು, ಎಂದರೆ ಸುಮಾರು ಆರೂವರೆ ಗ್ರಾಂ.

ಉಳಿದ ಗುರುತುಗಳನ್ನೂ ಅದೇ ಪ್ರಶ್ನೆಯಿಂದ ಅಳೆಯಬಹುದು. ನಾಣ್ಯದ ಮೇಲೆ ಎಳೆಯಂತೆ ಉಬ್ಬಿದ ಗೆರೆಯಿದ್ದರೆ, ಅಚ್ಚು ಸೀಳಿ ಆ ಬಿರುಕಿನೊಳಕ್ಕೆ ಲೋಹ ಹರಿದುದೆಂದು ಊಹಿಸಬಹುದು. ಅಕ್ಷರಗಳನ್ನು ಕೊಯ್ದುಕೊಂಡು ಹೋದ ತಗ್ಗಿನ ಗೆರೆ, ಎರಡು ಮಗ್ಗುಲಿಗೂ ಲೋಹವನ್ನು ಎಬ್ಬಿಸಿದ್ದರೆ, ಅದು ಗೀರು. ಯಂತ್ರದ ನಾಣ್ಯದ ಅಂಚಿನಲ್ಲಿ ಅರ್ಧಚಂದ್ರದಂತಹ ಕೊರತೆಯಿದೆಯೆ? ಬಿಲ್ಲೆಯೇ ಹಾಗೆ ಕತ್ತರಿಸಿ ಬಂದಿದ್ದರೆ, ಪಕ್ಕದ ಅಕ್ಷರಗಳು ಆ ಕಡೆಗೆ ಜಾರಿದಂತೆ ಕರಗುತ್ತವೆ. ಎದುರಂಚು ಸಹ ಸಾಮಾನ್ಯವಾಗಿ ಸೊರಗಿರುತ್ತದೆ. ಆಮೇಲೆ ಕತ್ತರಿಸಿದ್ದರೆ ಅಕ್ಷರಗಳು ನೇರವಾಗಿ ತುಂಡಾಗಿರುತ್ತವೆ. ಬೆಳ್ಳಿಯ ರೂಪಾಯಿಗಳ ಮೇಲಿನ ಸಣ್ಣ ಮುದ್ರೆಗಳು ಚಿನಿವಾರರು ಲೋಹ ಪರೀಕ್ಷಿಸಿ ಒತ್ತಿದುವು. ಟಂಕಸಾಲೆಗೂ ಅವಕ್ಕೂ ಸಂಬಂಧವಿಲ್ಲ.

ತಪ್ಪೂ ಅಲ್ಲ, ಪೆಟ್ಟೂ ಅಲ್ಲ ಎಂಬ ಮೂರನೆಯ ಬಗೆಯೂ ಇದೆ. ಟಿಪ್ಪುವಿನ ಆನೆಯ ಪೈಸೆಗಳಲ್ಲಿ ಆನೆಗೆ ಸೊಂಡಿಲಿಲ್ಲದಿರುವುದು ಅಪರೂಪವೇನಲ್ಲ. ಕೈಯಲ್ಲಿ ಹಿಡಿದ ಅಚ್ಚಿಗೆ ಸುತ್ತಿಗೆಯಿಂದ ಹೊಡೆದು ಮಾಡಿದ ನಾಣ್ಯಗಳಲ್ಲಿ ಚಿತ್ರ ಪಕ್ಕಕ್ಕೆ ಸರಿಯುವುದು ಸಹಜ. ಅವನು 1787ರ ಸುಮಾರಿಗೆ ಜಾರಿಗೆ ತಂದ ಮೌಲೂದಿ ಶಕೆಯ ನಾಣ್ಯಗಳಲ್ಲಿ ಅಂಕಿಗಳು ಬಲದಿಂದ ಎಡಕ್ಕೆ ಸಾಗುತ್ತವೆ. 1218 ಎಂಬುದು ನಮ್ಮ ಕಣ್ಣಿಗೆ 8121 ಎಂದು ಕಂಡರೆ ಅದು ಅಚ್ಚು ಕೊರೆದವನ ಪ್ರಮಾದವಲ್ಲ, ಅರಸನ ಆಜ್ಞೆ. ಕಾಲವನ್ನು ಅರಿಯದೆ ತಪ್ಪನ್ನು ಹುಡುಕಹೊರಟವನು ತನ್ನ ತಪ್ಪನ್ನೇ ಕಂಡುಕೊಳ್ಳುತ್ತಾನೆ.

ಇಂತಹ ಆನೆಯ ಪೈಸೆಯೊಂದು ನನ್ನಲ್ಲಿಯೂ ಇದೆ. ಅಜ್ಜಿಯ ಎಲೆಯಡಿಕೆ ಚೀಲದಲ್ಲಿದ್ದುದು. ಆನೆಯ ಬಾಲದ ಬಳಿ ಅಂಚು ಬಿರಿದು ಒಂದು ಸೀಳಿದೆ. ಸುತ್ತಿಗೆಯ ಪೆಟ್ಟಿಗೆ ಬಿಲ್ಲೆಯ ಅಂಚು ಬಿರಿಯುವುದುಂಟು. ಮುಂದೆಂದೋ ಯಾರೋ ಉಳಿಯಿಟ್ಟು ಸೀಳಿರಲೂಬಹುದು. ಸೀಳಿನ ಒಳಮೈಯೂ ಮೇಲ್ಮೈಯೂ ಒಂದೇ ಬಣ್ಣಕ್ಕೆ ಮಾಗಿದ್ದರೆ ಅದು ಈಚಿನದಲ್ಲವೆಂದಾದರೂ ತಿಳಿಯುತ್ತಿತ್ತು. ಆದರೆ ಹುಡುಗನಾಗಿದ್ದಾಗ ನಾನು ಅದನ್ನು ಹುಣಿಸೆಹಣ್ಣು, ಬೂದಿ ಹಾಕಿ ಹೊಸ ತಂಬಿಗೆಯಂತೆ ಫಳಫಳನೆ ಹೊಳೆಯುವವರೆಗೆ ತಿಕ್ಕಿದೆನು. ಎಷ್ಟೋ ಕಾಲದಿಂದ ಮಾಗಿ ಬಂದಿದ್ದ ಬಣ್ಣ ಒಂದು ಮಧ್ಯಾಹ್ನದಲ್ಲಿ ಬಚ್ಚಲಿಗೆ ಹರಿಯಿತು. ತೊಳೆದು ತಂದು ತೋರಿಸಿದಾಗ ಅಜ್ಜಿ, “ಎಷ್ಟು ಚೆನ್ನಾಗಿ ಬೆಳಗಿದೀಯಪ್ಪ” ಎಂದು ಬೆನ್ನು ತಟ್ಟಿದಳು.

ನನ್ನ ನಾಣ್ಯಗಳಿಗೆಲ್ಲ ಒಂದೊಂದು ಚೀಟಿ ಬರೆದಿದ್ದೇನೆ. ಮೊದಲನೆಯ ಕಾಲಾಣೆಗೆ “ಟಂಕಸಾಲೆಯ ತಪ್ಪು” ಎಂದೂ, ಎರಡನೆಯದಕ್ಕೆ “ಇಕ್ಕಳದ ಮೋಸ” ಎಂದೂ ಇದೆ. ಅಜ್ಜಿಯ ಆನೆಯ ಕೆಳಗೆ ಇರುವುದು ಇಷ್ಟೆ: “ನಿರ್ಣಯಿಸಲಾಗದು. ಬೆಳಗಿದವನು ನಾನೇ.”