ಚನ್ನಗಿರಿಯ ಎಣ್ಣೆ, ಸುಡಾನಿನ ದಾರಿ

ವಿದೇಶ ಪ್ರವಾಸವೆಂದರೆ ದಾವಣಗೆರೆ, ಹರಿಹರದ ಮಂದಿಗೆ ಥಟ್ಟನೆ ನೆನಪಾಗುವುದು ದುಬೈ, ಸಿಂಗಪುರ. ಇಲ್ಲವೇ ಮಗ-ಸೊಸೆ ಇರುವ ಅಮೆರಿಕ. ಆದರೆ ಯಾವ ಪ್ರವಾಸಿ ಕೈಪಿಡಿಯಲ್ಲೂ ದೊಡ್ಡ ಅಕ್ಷರದಲ್ಲಿ ಕಾಣದ ಖಾರ್ಟೂಮ್, ಎಲ್ ಫಾಷರ್‌ನಂಥ ಊರುಗಳ ಗಲ್ಲಿ ಸುತ್ತಿ ಬಂದವರು ಇದೇ ಜಿಲ್ಲೆಯಲ್ಲಿದ್ದಾರೆ. ಅವರು ಶ್ರೀಮಂತರೂ ಅಲ್ಲ, ಪ್ರವಾಸಿಗರೂ ಅಲ್ಲ. ಚನ್ನಗಿರಿ ತಾಲ್ಲೂಕಿನ ಅಸ್ತಾಪನಹಳ್ಳಿ, ಗೋಪನಾಳು ಕಡೆಯ ಹಕ್ಕಿಪಿಕ್ಕಿಗಳು. ಗಿಡಮೂಲಿಕೆ, ತಲೆಗೂದಲಿನ ಎಣ್ಣೆ ಮಾರುತ್ತಾ ದೇಶ ದಾಟಿದವರು.

ಹೆಸರೇ ಹೇಳುವಂತೆ ಹಕ್ಕಿ ಹಿಡಿಯುವುದು ಇವರ ಕುಲಕಸುಬು. ಗುಜರಾತಿಯಾ, ಪನ್ವಾರ್, ಕಾಳಿವಾಲಾ, ಮೇವಾಡಾ ಎಂಬ ನಾಲ್ಕು ಬಳಿಗಳು. ಮನೆಯೊಳಗಿನ ಮಾತು ‘ವಾಗ್ರಿ’. ಗುಜರಾತಿಗೆ ಹತ್ತಿರದ ನುಡಿ. ಹೊರಗಿನವರೊಡನೆ ಅಚ್ಚ ಕನ್ನಡ. ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ ಇವರ ಸಂಖ್ಯೆ 2011ರ ಜನಗಣತಿಯಂತೆ 11,892. ಅಂದರೆ ಒಂದು ದೊಡ್ಡ ಹೋಬಳಿಯನ್ನೂ ತುಂಬದಷ್ಟು ಜನ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬಲೆ, ಬೇಟೆ ಅಪರಾಧವಾಯಿತು. ಕಾಡಿನ ಅಲೆದಾಟ ನಿಂತು ಕಾಲನಿಗಳ ವಾಸ ಶುರುವಾಯಿತು. ಆದರೆ ಅಲೆಯುವ ಕಾಲು ನಿಲ್ಲಲಿಲ್ಲ. ಹೇರ್‌ಪಿನ್ನು, ಪ್ಲಾಸ್ಟಿಕ್ ಹೂ, ಬೇರು-ನಾರು, ಎಣ್ಣೆ ಹೊತ್ತು ಊರೂರು ತಿರುಗಿದರು. ಆಫ್ರಿಕಾದಲ್ಲಿ ಭಾರತದ ನಾಟಿ ಔಷಧಿಗೆ, ಅದರಲ್ಲೂ ಕೂದಲಿನ ಎಣ್ಣೆಗೆ ಗಿರಾಕಿಗಳಿದ್ದಾರೆಂಬ ಸುದ್ದಿ ಬಂಧು ಬಳಗದ ಬಾಯಿಂದ ಬಾಯಿಗೆ ಹರಡಿತು. ಒಬ್ಬ ಹೋಗಿ ಬಂದರೆ ಅವನೇ ಮುಂದಿನ ಹತ್ತು ಜನರಿಗೆ ಟ್ರಾವೆಲ್ ಏಜೆಂಟ್. ಎಷ್ಟೋ ಮಂದಿ ಬಡ್ಡಿಗೆ ಸಾಲ ತೆಗೆದೇ ಟಿಕೆಟ್ ಕೊಂಡವರು.

ಈ ಪಯಣ ಶುರುವಾಗುವುದು ವಿಮಾನದಲ್ಲಲ್ಲ, ಬಸ್ಸಿನಲ್ಲಿ. ದಾವಣಗೆರೆಗೆ ವಿಮಾನ ನಿಲ್ದಾಣವಿಲ್ಲ. 2023ರಲ್ಲಿ ಆರಂಭವಾದ ಶಿವಮೊಗ್ಗದ ನಿಲ್ದಾಣದಿಂದ ಹಾರುವುದು ದೇಶದೊಳಗಿನ ವಿಮಾನಗಳು ಮಾತ್ರ. ಹಾಗಾಗಿ ದಾವಣಗೆರೆಯಿಂದ ಸುಮಾರು 260 ಕಿಲೋಮೀಟರು ದೂರದ ಬೆಂಗಳೂರೇ ಗತಿ. ಅಲ್ಲಿಂದ ಕೊಲ್ಲಿಯ ಯಾವುದಾದರೂ ಊರಿನ ಮೂಲಕ, ಇಲ್ಲವೇ 2019ರಲ್ಲಿ ಶುರುವಾದ ಇಥಿಯೋಪಿಯನ್ ಏರ್‌ಲೈನ್ಸ್ ವಿಮಾನದಲ್ಲಿ ಅಡಿಸ್ ಅಬಾಬಾ ಮೂಲಕ ಆಫ್ರಿಕಾ ಸೇರಬೇಕು. ಅಡಿಸ್ ಅಬಾಬಾಕ್ಕೇ ಆರೇಳು ಗಂಟೆಯ ಹಾರಾಟ.

ಎಣ್ಣೆ ವ್ಯಾಪಾರಿಗೆ ಇಲ್ಲೊಂದು ತೊಡಕಿದೆ. ಕೈಚೀಲದಲ್ಲಿ 100 ಮಿಲಿಲೀಟರಿಗಿಂತ ದೊಡ್ಡ ಬಾಟಲಿ ಒಯ್ಯುವಂತಿಲ್ಲ. ಸರಕೆಲ್ಲ ಕೆಳಗಿನ ಲಗೇಜಿಗೇ ಹೋಗಬೇಕು. ಮೂವತ್ತೈದು ಸಾವಿರ ಅಡಿ ಎತ್ತರದಲ್ಲಿ ಹಾರುವಾಗ ವಿಮಾನದೊಳಗಿನ ಗಾಳಿಯ ಒತ್ತಡವನ್ನು ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ಹಿಡಿದಿಡುತ್ತಾರೆ. ಅಂದರೆ ಪ್ರಯಾಣಿಕನೂ ಅವನ ಸರಕೂ ಹೆಚ್ಚು ಕಡಿಮೆ ಮುಳ್ಳಯ್ಯನಗಿರಿಯ ನೆತ್ತಿಯ ಮೇಲಿದ್ದಂತೆ. ಬಯಲುಸೀಮೆಯಲ್ಲಿ ಮುಚ್ಚಿದ ಬಾಟಲಿಯೊಳಗಿನ ಗಾಳಿ ಅಲ್ಲಿ ಹಿಗ್ಗಿ, ಸಡಿಲ ಮುಚ್ಚಳದ ಸಂದಿನಿಂದ ಎಣ್ಣೆಯನ್ನು ಹೊರದೂಡುತ್ತದೆ. ಪ್ಲಾಸ್ಟಿಕ್ ಬಾಟಲಿಯನ್ನು ಒತ್ತಿ ಗಾಳಿ ತೆಗೆದು, ಮುಚ್ಚಳಕ್ಕೆ ಟೇಪು ಸುತ್ತುವುದು ಒಳ್ಳೆಯದು. ಕಿವಿ ಕಟ್ಟುವುದಕ್ಕೂ ಇದೇ ಕಾರಣ. ಇಳಿಯುವಾಗ ಉಗುಳು ನುಂಗುತ್ತಿದ್ದರೆ, ಏನಾದರೂ ಅಗಿಯುತ್ತಿದ್ದರೆ ಬಿಡುತ್ತದೆ. ಒಳಗಿನ ಗಾಳಿ ಬಹಳ ಒಣ, ನೀರು ಆಗಾಗ ಬೇಕು. ನಾಲ್ಕು ಗಂಟೆಗೆ ಮೀರಿದ ಹಾರಾಟದಲ್ಲಿ ಕಾಲು ಊದುತ್ತದೆ, ಕೆಲವರಿಗೆ ರಕ್ತ ಹೆಪ್ಪುಗಟ್ಟುವ ಅಪಾಯವೂ ಉಂಟು. ನಡುವೆ ಎದ್ದು ನಾಲ್ಕು ಹೆಜ್ಜೆ ಹಾಕುವುದಕ್ಕೆ ಸಂಕೋಚ ಬೇಡ.

ಇಷ್ಟೆಲ್ಲ ಸುಖ-ದುಃಖ ಸೀಟಿನದಾಯಿತು. ಅದಕ್ಕಿಂತ ದೊಡ್ಡ ಪ್ರಶ್ನೆ, ಇಳಿದ ಮೇಲೆ ಇವರು ಎಲ್ಲಿದ್ದಾರೆಂಬುದು ಯಾರಿಗೆ ಗೊತ್ತು ಎಂಬುದು.

ಅದು ಬಯಲಾದದ್ದು 2023ರ ಏಪ್ರಿಲ್ 15ರಂದು. ಸುಡಾನಿನ ಸೇನೆಗೂ ‘ರ‍್ಯಾಪಿಡ್ ಸಪೋರ್ಟ್ ಫೋರ್ಸಸ್’ ಎಂಬ ಅರೆಸೇನಾಪಡೆಗೂ ಖಾರ್ಟೂಮಿನಲ್ಲಿ ಕಾಳಗ ಹತ್ತಿಕೊಂಡಿತು. ಮೂರು ದಿನಗಳ ನಂತರ, ಆಗ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯನವರು ರಾಜ್ಯದ 31 ಮಂದಿ ಹಕ್ಕಿಪಿಕ್ಕಿಗಳು ಸಿಕ್ಕಿಕೊಂಡಿದ್ದಾರೆಂದು ಟ್ವಿಟರ್‌ನಲ್ಲಿ ಬರೆದರು. ಚುನಾವಣೆಯ ಕಾವಿನ ಕಾಲ; ವಿದೇಶಾಂಗ ಸಚಿವ ಜೈಶಂಕರ್ ಅವರು ಇದರಲ್ಲಿ ರಾಜಕೀಯ ಬೇಡವೆಂದರು. ಮಾತು ಬೆಳೆಯಿತು. ಅತ್ತ ನೀರಿಲ್ಲದೆ, ಅನ್ನವಿಲ್ಲದೆ ಬಾಡಿಗೆ ಕೋಣೆಗಳಲ್ಲಿ ಅಡಗಿದ್ದವರು ಮೊಬೈಲ್ ವಿಡಿಯೊ ಕಳಿಸುತ್ತಿದ್ದರು. ದಿನ ಕಳೆದಂತೆ ಹಕ್ಕಿಪಿಕ್ಕಿಗಳ ಲೆಕ್ಕ 31ಕ್ಕೆ ನಿಲ್ಲಲಿಲ್ಲ, ಏರುತ್ತಲೇ ಹೋಯಿತು.

ಏಪ್ರಿಲ್ 24ರಂದು ‘ಆಪರೇಷನ್ ಕಾವೇರಿ’ ಆರಂಭವಾಯಿತು. ಖಾರ್ಟೂಮಿನಿಂದ ಪೋರ್ಟ್ ಸುಡಾನ್ ಬಂದರಿಗೆ ರಸ್ತೆಯಲ್ಲಿ ಸುಮಾರು 850 ಕಿಲೋಮೀಟರು. ಹರಿಹರದಿಂದ ಮುಂಬೈಗಿಂತ ದೂರ. ಪಶ್ಚಿಮದ ಡಾರ್ಫರ್ ಸೀಮೆಯಲ್ಲಿದ್ದವರಿಗೆ ಇನ್ನೂ ದೂರ. ಅಲ್ಲಿಂದ ನೌಕಾಪಡೆಯ ‘ಸುಮೇಧಾ’ ಹಡಗು ಮೊದಲ ತಂಡದ 278 ಜನರನ್ನು ಕೆಂಪು ಸಮುದ್ರ ದಾಟಿಸಿ ಜೆಡ್ಡಾಕ್ಕೆ ಒಯ್ದಿತು. ಖಾರ್ಟೂಮಿನ ಉತ್ತರಕ್ಕಿರುವ ವಾದಿ ಸಯಿದ್ನಾದಲ್ಲಿ ದೀಪವೂ ಇಲ್ಲದ ಪುಟ್ಟ ರನ್‌ವೇ ಮೇಲೆ ವಾಯುಪಡೆಯ ವಿಮಾನ ಕತ್ತಲಲ್ಲೇ ಇಳಿದು 121 ಮಂದಿಯನ್ನು ಹೊತ್ತು ತಂದಿತು. ಮೇ 5ರ ಹೊತ್ತಿಗೆ ಪಾರಾದವರು 3,862.

ಇವರ ಲೆಕ್ಕ ಮೊದಲೇ ಏಕೆ ಇರಲಿಲ್ಲ? 1983ರ ವಲಸೆ ಕಾಯ್ದೆಯಡಿ, ಹತ್ತನೇ ತರಗತಿ ಪಾಸಾಗದವರು ಸುಡಾನ್ ಸೇರಿದಂತೆ ಕೆಲವು ದೇಶಗಳಿಗೆ ದುಡಿಯಲು ಹೋಗಬೇಕಾದರೆ ಸರ್ಕಾರದ ಅನುಮತಿ ಬೇಕು. ಆ ದಾಖಲೆ ಇರುವುದು ಸಂಬಳದ ಕೆಲಸಗಾರನಿಗೆ. ಸ್ವಂತ ಚೀಲ ಹೊತ್ತು ಸ್ವಂತ ವ್ಯಾಪಾರಕ್ಕೆ ಹೋಗುವವನಿಗೆ ಮಾಲೀಕನೂ ಇಲ್ಲ, ಕರಾರೂ ಇಲ್ಲ. ಅವನು ಆ ಪುಸ್ತಕದಲ್ಲಿ ಬರುವುದೇ ಇಲ್ಲ. ತಾನಾಗಿ ದೂತಾವಾಸಕ್ಕೆ ಹೆಸರು, ವಿಳಾಸ ತಿಳಿಸಿದರೆ ಮಾತ್ರ ಉಂಟು. ಕೆಲವು ದೇಶಗಳಲ್ಲಿ ದೂತಾವಾಸವೇ ಇರಲಿಲ್ಲ. ಕ್ಯಾಮರೂನ್, ಚಾಡ್ ಸೇರಿ ಆಫ್ರಿಕಾದಲ್ಲಿ 18 ಹೊಸ ದೂತಾವಾಸ ತೆರೆಯಲು ಕೇಂದ್ರ ಸಂಪುಟ ಒಪ್ಪಿದ್ದು 2018ರಲ್ಲಿ. ಚನ್ನಗಿರಿಯ ಕಾಲನಿಗಳಿಗೇ ಯಾರಾದರೂ ಅಧಿಕಾರಿ ಹೋಗಿ ಹೊರಡುವವರ ಪಟ್ಟಿ ಮಾಡಿದ್ದರೆ ಎಷ್ಟು ಖರ್ಚಾಗುತ್ತಿತ್ತು?

ಯುದ್ಧ ದಾಟಿ ಬಂದವರಲ್ಲಿ ಕೆಲವರಿಗೆ ತಾಯ್ನಾಡಿನಲ್ಲೂ ತಕ್ಷಣ ಮನೆ ಸಿಗಲಿಲ್ಲ. ಸುಡಾನ್ ಹಳದಿ ಜ್ವರದ ದೇಶ. ಲಸಿಕೆಯ ಕಾರ್ಡಿಲ್ಲದೆ ಅಲ್ಲಿಂದ ಬಂದವರನ್ನು ಇಲ್ಲಿ ಕೆಲವು ದಿನ ಪ್ರತ್ಯೇಕವಾಗಿ ಇಡುತ್ತಾರೆ. ಮೊದಲು ಬಂದಿಳಿದ 1,191 ಮಂದಿಯಲ್ಲಿ 117 ಮಂದಿಗೆ ಹೀಗಾಯಿತು. ಸರ್ಕಾರ ಗುರುತಿಸಿದ ಕೆಲವೇ ಕೇಂದ್ರಗಳಲ್ಲಿ ಈ ಲಸಿಕೆ ಸಿಗುತ್ತದೆ. ಹಾಕಿಸಿಕೊಂಡ ಹತ್ತು ದಿನದ ನಂತರವಷ್ಟೇ ಕಾರ್ಡಿಗೆ ಬೆಲೆ.

ಹಕ್ಕಿಪಿಕ್ಕಿಗಳು ಎಣ್ಣೆ ಮಾರಿದ ಎಲ್ ಫಾಷರ್, ಒಂದೂವರೆ ವರ್ಷದ ಮುತ್ತಿಗೆಯ ಬಳಿಕ 2025ರ ಅಕ್ಟೋಬರಿನಲ್ಲಿ ಅರೆಸೇನಾಪಡೆಯ ವಶವಾಯಿತು. ಆ ದಾರಿ ಮುಚ್ಚಿದೆ. ಆಫ್ರಿಕಾದ ಬೇರೆ ದಾರಿಗಳಿವೆ, ತೀರಿಸಬೇಕಾದ ಸಾಲವೂ ಇದೆ. ಮತ್ತೆ ಹೊರಡುವವರಿಗೆ ಒಂದು ಅನುಕೂಲವುಂಟು: ಹಳದಿ ಜ್ವರದ ಕಾರ್ಡು 2016ರಿಂದ ಜೀವನಪರ್ಯಂತ ಊರ್ಜಿತ. ಒಮ್ಮೆ ಚುಚ್ಚಿಸಿಕೊಂಡವರು ಹಳೆಯ ಕಾರ್ಡನ್ನೇ ಜೋಪಾನವಾಗಿ ಇಟ್ಟುಕೊಂಡಿದ್ದರೆ ಸಾಕು.