ಕಲ್ನಾರಿನ ಧೂಳೂ ಶ್ವಾಸಕೋಶವೂ

ಉಕ್ಕಡಗಾತ್ರಿ ಮೊದಲಾದ ತುಂಗಭದ್ರಾತೀರದ ಗ್ರಾಮಗಳಲ್ಲಿ ಹಳೆಯ ಕೊಟ್ಟಿಗೆಯ ಕಲ್ನಾರು ಸಿಮೆಂಟಿನ ತಗಡುಗಳನ್ನು ಬಿಚ್ಚಿಸುವ ಜಮೀನುದಾರರು ಈ ಸಂಗತಿಯನ್ನು ಗಮನಿಸತಕ್ಕದ್ದು. ತಗಡನ್ನು ಒಡೆದಾಗಲೂ ಕೊಯ್ದಾಗಲೂ ಕಣ್ಣಿಗೆ ಕಾಣದ ನಾರುಗಳು ಎದ್ದು ಉಸಿರಿನೊಡನೆ ಒಳಸೇರುವುವು.

ಶ್ವಾಸನಾಳದಲ್ಲಿ ಸಿಕ್ಕಿದ ನಾರನ್ನು ಅಲ್ಲಿಯ ಸೂಕ್ಷ್ಮ ರೋಮಗಳು ಕಫದೊಡನೆ ಮೇಲಕ್ಕೆ ನೂಕುವುವು. ಒಂದೆರಡು ದಿನಗಳಲ್ಲಿ ಬಹುಭಾಗವು ಹೊರಬೀಳುವುದು. ಧೂಮಪಾನವು ಈ ರೋಮಗಳ ಶಕ್ತಿಯನ್ನು ಕುಂದಿಸುವುದು. ಆಳದ ಗಾಳಿಗೂಡುಗಳನ್ನು ಮುಟ್ಟಿದ ನಾರನ್ನಾದರೋ ಭಕ್ಷಕ ಕಣಗಳು ನುಂಗಿ ಸಾಗಿಸಬೇಕು. ಇದಕ್ಕೆ ತಿಂಗಳುಗಳು ಹಿಡಿಯುವುವು. ಮಿಲಿಮೀಟರಿನ ೫೦ರಲ್ಲೊಂದು ಭಾಗಕ್ಕಿಂತ ಉದ್ದವಾದ ನಾರು ಆ ಕಣದೊಳಗೆ ಹಿಡಿಸದು. ಬಿಳಿಯ ಕಲ್ನಾರು ಬೇಗ ತುಂಡಾಗುವುದು; ನೀಲಿ ಮತ್ತು ಕಂದು ಜಾತಿಗಳು ದಶಕಗಳವರೆಗೂ ಉಳಿಯುವುವು. ಆದರೂ ಬಿಳಿಯದು ನಿರಪಾಯಕರವಲ್ಲ; ಎಲ್ಲ ಜಾತಿಗಳೂ ಅರ್ಬುದರೋಗಕ್ಕೆ ಕಾರಣವಾಗಬಲ್ಲವು.

ರೋಗವು ೨೦ರಿಂದ ೪೦ ವರ್ಷಗಳ ಮೇಲೆ ತಲೆದೋರುವುದುಂಟು. ಕಲ್ನಾರು ಕಾರ್ಖಾನೆಗಳ ಕೆಲಸಗಾರರ ಆರೋಗ್ಯದಾಖಲೆಯನ್ನು ಕನಿಷ್ಠ ೪೦ ವರ್ಷ ಕಾಪಾಡಬೇಕೆಂದು ಸರ್ವೋಚ್ಚ ನ್ಯಾಯಾಲಯವು ೧೯೯೫ರಲ್ಲಿ ವಿಧಿಸಿತು.

ಆದಕಾರಣ ತಗಡನ್ನು ನೀರಿನಿಂದ ತೋಯಿಸಿ, ಬೋಲ್ಟು ಬಿಚ್ಚಿ, ಒಡೆಯದೆ ಇಡಿಯಾಗಿ ಇಳಿಸತಕ್ಕದ್ದು. ಚೂರುಗಳನ್ನು ಒಣಗಿರುವಾಗ ಗುಡಿಸಬಾರದು. ಗೊಬ್ಬರದ ಗುಂಡಿಗೂ ಹಾಕಬಾರದು. ಮೂಗಿಗೆ ಸುತ್ತಿದ ಬಟ್ಟೆಯು ಇಷ್ಟು ಸಣ್ಣ ನಾರನ್ನು ತಡೆಯಲಾರದು. ಆಳಕ್ಕಿಳಿದ ಉದ್ದ ನಾರನ್ನು ಹೊರದೂಡುವ ಔಷಧವಿಲ್ಲ. ಕೂಲಿಯಾಳುಗಳಿಗೆ ಇದನ್ನು ಮುಂಚಿತವಾಗಿ ತಿಳಿಯಪಡಿಸುವುದು ಗ್ರಾಮದ ಮುಖ್ಯಸ್ಥರ ಕರ್ತವ್ಯವು.