ನೀವು ಆರಿಸುವ ಮೊದಲೇ ಬಂದು ಕೂತ ದೃಶ್ಯ

1984ನೇ ಇಸವಿ, ಇಂಗ್ಲೆಂಡಿನ ಒಂದು ಮನೆಯ ಬೆಳಗು. ಅಪ್ಪ ಎರಡು ಡಬ್ಬ ಎತ್ತಿ ಹಿಡಿದು ಮಗನನ್ನು ಕೇಳುತ್ತಾನೆ: ತಿಂಡಿಗೆ ಯಾವುದು, ಶುಗರ್ ಪಫ್ಸೋ ಫ್ರಾಸ್ಟೀಸೋ? ಮಗ ಬಾಯಿ ಬಿಡುವ ಮೊದಲೇ ಪರದೆಯ ಕೆಳಗೆ ಎರಡೂ ಹೆಸರು ಮೂಡುತ್ತವೆ. ಉತ್ತರ ಹೇಳಬೇಕಾದವರು ಸೋಫಾದ ಮೇಲೆ ಕೂತ ಪ್ರೇಕ್ಷಕರು. ಗಡುವು ಹತ್ತು ಸೆಕೆಂಡು. ಸುಮ್ಮನಿದ್ದರೆ ಸಿನಿಮಾ ತಾನೇ ಒಂದನ್ನು ಆರಿಸಿಕೊಂಡು ಮುಂದೆ ಹೋಗುತ್ತದೆ.

2018ರ ಡಿಸೆಂಬರ್ 28ರಂದು ನೆಟ್‌ಫ್ಲಿಕ್ಸ್‌ನಲ್ಲಿ ಬಂದ ‘ಬ್ಲ್ಯಾಕ್ ಮಿರರ್: ಬ್ಯಾಂಡರ್‌ಸ್ನ್ಯಾಚ್’ ಚಿತ್ರದ ಮೊದಲ ಆಯ್ಕೆ ಇದು. ಬರೆದವರು ಚಾರ್ಲಿ ಬ್ರೂಕರ್, ನಿರ್ದೇಶಕ ಡೇವಿಡ್ ಸ್ಲೇಡ್. ಪ್ರಶ್ನೆ ತೀರಾ ಕ್ಷುಲ್ಲಕ ಅನ್ನಿಸಬಹುದು. ಆದರೆ ಮುಂದೊಂದು ದೃಶ್ಯದಲ್ಲಿ ಟಿವಿ ಹಾಕಿದಾಗ ಬರುವ ಜಾಹೀರಾತು ನೀವು ಆರಿಸಿದ ತಿಂಡಿಯದ್ದೇ. ಸಿನಿಮಾ ನಿಮ್ಮ ಉತ್ತರವನ್ನು ನೆನಪಿಟ್ಟುಕೊಂಡಿರುತ್ತದೆ.

ಬಟನ್ ಒತ್ತಿದ ಮೇಲೆ ಕಥೆ ಎಲ್ಲೂ ತಡವರಿಸುವುದಿಲ್ಲ, ಆ ಗಿರಗಿರ ತಿರುಗುವ ಚಕ್ರವೂ ಕಾಣುವುದಿಲ್ಲ. ನಿಜವಾದ ಕರಾಮತ್ತು ಇರುವುದು ಇಲ್ಲೇ.

ಇಂಟರ್ನೆಟ್ಟಿನಲ್ಲಿ ನಾವು ನೋಡುವ ವಿಡಿಯೊ ಒಂದೇ ಇಡಿಯಾಗಿ ಬರುವುದಿಲ್ಲ. ಕೆಲವೇ ಸೆಕೆಂಡುಗಳ ಸಣ್ಣ ತುಣುಕುಗಳಾಗಿ ಬರುತ್ತದೆ. ಆ್ಯಪಲ್ ಕಂಪನಿ 2009ರಲ್ಲಿ ತಂದ ಎಚ್‌ಎಲ್‌ಎಸ್ ಪದ್ಧತಿಯೂ ಹೀಗೇ ಕೆಲಸ ಮಾಡುತ್ತದೆ. ಯಾವ ತುಣುಕಿನ ನಂತರ ಯಾವುದು ಎಂದು ಹೇಳುವ ಒಂದು ಪಟ್ಟಿ ಜೊತೆಗಿರುತ್ತದೆ. ತುಣುಕುಗಳು ಎಲ್ಲರಿಗೂ ಒಂದೇ. ಬೇಕಿದ್ದರೆ ಪಟ್ಟಿಯನ್ನಷ್ಟೇ ನಿಮಗೊಂದು, ಪಕ್ಕದ ಮನೆಯವರಿಗೊಂದು ಮಾಡಿಕೊಡಬಹುದು. ‘ನಿಮಗಾಗಿಯೇ’ ಎಂದು ಬರುವ ವಿಡಿಯೊದಲ್ಲಿ ನಿಮ್ಮದೆನ್ನುವುದು ಬಹುಮಟ್ಟಿಗೆ ಆ ಪಟ್ಟಿ ಮಾತ್ರ. ಸಿನಿಮಾಕ್ಕೆ ಕನ್ನಡ ಡಬ್ಬಿಂಗ್ ಆರಿಸಿದಾಗಲೂ ಚಿತ್ರದ ತುಣುಕುಗಳು ಹಳೆಯವೇ, ಧ್ವನಿಯ ತುಣುಕು ಮಾತ್ರ ಬೇರೆ.

ತುಣುಕುಗಳು ಎಲ್ಲರಿಗೂ ಒಂದೇ ಆದ್ದರಿಂದಲೇ ಅವನ್ನು ಮೊದಲೇ ತಂದು ಹತ್ತಿರದಲ್ಲಿ ಇಟ್ಟುಕೊಳ್ಳಬಹುದು. ತಂತ್ರಜ್ಞರು ಇದಕ್ಕೆ ಕ್ಯಾಷಿಂಗ್ ಅನ್ನುತ್ತಾರೆ. ನೆಟ್‌ಫ್ಲಿಕ್ಸ್ ‘ಓಪನ್ ಕನೆಕ್ಟ್’ ಹೆಸರಿನಲ್ಲಿ ತನ್ನದೇ ಸರ್ವರ್ ಪೆಟ್ಟಿಗೆಗಳನ್ನು ಇಂಟರ್ನೆಟ್ ಕಂಪನಿಗಳ ಕಟ್ಟಡಗಳಲ್ಲೇ ಇಡುತ್ತಾ ಬಂದಿದೆ. ಜನ ಕಡಿಮೆ ನೋಡುವ ಹೊತ್ತಿನಲ್ಲಿ ಅವುಗಳಿಗೆ ಸಿನಿಮಾಗಳನ್ನು ತುಂಬಲಾಗುತ್ತದೆ. ಸಂಜೆ ನೀವು ಪ್ಲೇ ಒತ್ತಿದಾಗ ದೃಶ್ಯ ಸಮುದ್ರ ದಾಟಿ ಬರಬೇಕಾಗಿಲ್ಲ.

ಮಾಮೂಲಿ ಸಿನಿಮಾಕ್ಕೆ ಇಷ್ಟು ಸಾಕು. ಬ್ಯಾಂಡರ್‌ಸ್ನ್ಯಾಚ್‌ಗೆ ಸಾಲದು. ಸುಮಾರು 250 ಭಾಗಗಳಾಗಿ ಒಡೆದ ಆ ಕಥೆಯಲ್ಲಿ ಮುಂದಿನದು ಯಾವುದೆಂದು ಪ್ರೇಕ್ಷಕ ಹೇಳುವವರೆಗೆ ಗೊತ್ತಾಗುವುದಿಲ್ಲ. ಹಾಗಾಗಿ ನೀವು ಯೋಚಿಸುತ್ತಿರುವಾಗಲೇ ಮುಂದಿನ ದೃಶ್ಯ ನಿಮ್ಮ ಸಾಧನಕ್ಕೆ ಇಳಿಯತೊಡಗಿರಬೇಕು. ಊಹೆ ತಪ್ಪಿದರೆ ಇಳಿಸಿಕೊಂಡದ್ದು ದಂಡ. ಎಲ್ಲ ಸಾಧನಗಳಿಗೂ ಈ ಕಸರತ್ತು ಸಾಧ್ಯವಾಗಲಿಲ್ಲ. ಆ್ಯಪಲ್ ಟಿವಿ, ಕ್ರೋಮ್‌ಕಾಸ್ಟ್ ಇದ್ದವರಿಗೆ ಆಗ ಈ ಚಿತ್ರ ನೋಡಲು ಆಗಲೇ ಇಲ್ಲ.

ಈ ‘ದಂಡ’ದ ಸುಳಿವನ್ನೇ ಹಿಡಿದವರು ನಮ್ಮ ಐಐಟಿ ಮದ್ರಾಸಿನ ಸಂಶೋಧಕರು. 2019ರಲ್ಲಿ ಅವರು ಪ್ರಕಟಿಸಿದ ಪ್ರಬಂಧದ ಹೆಸರು ‘ವೈಟ್ ಮಿರರ್’. ಪ್ರಶ್ನೆ ಬಂದಾಗ ಬ್ರೌಸರ್ ನೆಟ್‌ಫ್ಲಿಕ್ಸ್‌ಗೆ ಒಂದು ಪುಟ್ಟ ಸಂದೇಶ ಕಳಿಸುತ್ತಿತ್ತು, ಮತ್ತು ಮೊದಲೇ ಗೊತ್ತುಮಾಡಿದ ಆಯ್ಕೆಯ ದೃಶ್ಯ ಇಳಿಯತೊಡಗುತ್ತಿತ್ತು. ಪ್ರೇಕ್ಷಕ ಅದನ್ನು ಬಿಟ್ಟು ಇನ್ನೊಂದನ್ನು ಒತ್ತಿದರೆ ಇಳಿದದ್ದು ಕಸಕ್ಕೆ, ಜೊತೆಗೆ ಬೇರೊಂದು ಸಂದೇಶ ಹೊರಡುತ್ತಿತ್ತು. ಎಲ್ಲವೂ ಗೂಢಲಿಪಿಯಲ್ಲೇ ಇರುತ್ತಿತ್ತು, ಒಳಗೇನಿದೆ ಎಂದು ನಡುವೆ ಕದ್ದು ನೋಡುವವರಿಗೆ ಓದಲಾಗದು. ಆದರೆ ಗೂಢಲಿಪಿ ಸಂದೇಶದ ಉದ್ದವನ್ನು ಮುಚ್ಚಿಡುವುದಿಲ್ಲವಲ್ಲ! ಆ ಉದ್ದವನ್ನಷ್ಟೇ ಅಳೆದು, ಯಾರು ಯಾವುದನ್ನು ಆರಿಸಿದರು ಎಂದು ಶೇಕಡಾ 96ರಷ್ಟು ಸರಿಯಾಗಿ ಹೇಳಬಹುದು ಎಂದು ಅವರು ತೋರಿಸಿದರು. ಯಾವ ತಿಂಡಿ ಎಂಬುದು ಗೊತ್ತಾದರೆ ಆಗುವ ನಷ್ಟವೇನಿಲ್ಲ. ಅದೇ ಚಿತ್ರದಲ್ಲಿ ಅಪ್ಪನ ಮೇಲೆ ಕೈ ಎತ್ತುವುದೋ ಬೇಡವೋ ಎಂಬ ಪ್ರಶ್ನೆಯೂ ಇದೆ. ಅದಕ್ಕೆ ಕೊಟ್ಟ ಉತ್ತರ ಮೂರನೆಯವರಿಗೆ ತಿಳಿಯುವುದು ಯಾರಿಗೆ ತಾನೇ ಹಿತ?

ಅಂದಹಾಗೆ ಕವಲುಗಳನ್ನು ಮೊದಲೇ ಸಿದ್ಧವಾಗಿಟ್ಟು ಪ್ರೇಕ್ಷಕರಿಂದ ಆರಿಸುವ ಉಪಾಯ ಇಂಟರ್ನೆಟ್ಟಿಗಿಂತ ಹಳೆಯದು. 1967ರಲ್ಲಿ ಮಾಂಟ್ರಿಯಲ್ ವಿಶ್ವ ಮೇಳದ ಜೆಕೊಸ್ಲೊವಾಕಿಯಾ ಮಂಟಪದಲ್ಲಿ ರಾದುಜ್ ಚಿಂಚೆರಾ ‘ಕಿನೋಆಟೊಮಾಟ್’ ಎಂಬ ಪ್ರದರ್ಶನ ನಡೆಸಿದರು. ಪ್ರತಿ ಸೀಟಿಗೂ ಕೆಂಪು, ಹಸಿರು ಬಟನ್. ಕಥೆ ಕವಲೊಡೆಯುವಲ್ಲಿ ನಿರೂಪಕ ವೇದಿಕೆಗೆ ಬಂದು ಮತ ಕೇಳುತ್ತಿದ್ದ. ಒಳಗೆ ಎರಡು ಪ್ರೊಜೆಕ್ಟರು ಒಟ್ಟಿಗೇ ಓಡುತ್ತಿದ್ದವು, ಗೆದ್ದ ಕವಲಿನ ಚಿತ್ರ ಮಾತ್ರ ಪರದೆಗೆ ಬೀಳುತ್ತಿತ್ತು. ಕಥೆಯನ್ನು ಹೇಗೆ ಹೆಣೆದಿದ್ದರೆಂದರೆ ಯಾವ ಕವಲು ಹಿಡಿದರೂ ಮುಂದಿನ ಪ್ರಶ್ನೆಯ ಹೊತ್ತಿಗೆ ಮತ್ತೆ ಒಂದೇ ದಾರಿಗೆ ಬಂದು ಸೇರುತ್ತಿತ್ತು. ಇಲ್ಲದಿದ್ದರೆ ಒಂದೊಂದು ಪ್ರಶ್ನೆಗೂ ಚಿತ್ರೀಕರಣದ ಖರ್ಚು ಇಮ್ಮಡಿಯಾಗುತ್ತಾ ಹೋಗುತ್ತಿತ್ತು.

ಇಂಥ ಕಥೆಗಳ ಮೇಲಿನ ನೆಟ್‌ಫ್ಲಿಕ್ಸ್‌ನ ಆಸೆ ಬೇಗ ಇಂಗಿತು. ತನ್ನ ಬಹುಪಾಲು ಇಂಟರ್‌ಆ್ಯಕ್ಟಿವ್ ಚಿತ್ರಗಳನ್ನು 2024ರ ಡಿಸೆಂಬರ್‌ನಲ್ಲಿ ತೆಗೆದುಹಾಕಿತು. ಬ್ಯಾಂಡರ್‌ಸ್ನ್ಯಾಚ್ 2025ರ ಮೇ ತಿಂಗಳಲ್ಲಿ ಹೋಯಿತು.

ತುಣುಕು-ಪಟ್ಟಿಯ ಉಪಾಯ ಮಾತ್ರ ಎಲ್ಲೂ ಹೋಗಿಲ್ಲ, ಜಾಹೀರಾತಿಗೆ ದುಡಿಯುತ್ತಿದೆ. 2023ರ ಕ್ರಿಕೆಟ್ ವಿಶ್ವಕಪ್ ಫೈನಲ್ಲನ್ನು ಹಾಟ್‌ಸ್ಟಾರ್‌ನಲ್ಲಿ ಒಂದು ಹಂತದಲ್ಲಿ 5.9 ಕೋಟಿ ವೀಕ್ಷಕರು ಏಕಕಾಲಕ್ಕೆ ನೋಡುತ್ತಿದ್ದರು. ಅಷ್ಟು ಮಂದಿಗೂ ಒಂದೊಂದು ವಿಡಿಯೊ ತಯಾರಿಸಲು ಯಾರಿಂದಲೂ ಆಗದು. ಇಂಥ ನೇರ ಪ್ರಸಾರಗಳಲ್ಲಿ ಆಟದ ತುಣುಕು ಎಲ್ಲರಿಗೂ ಒಂದೇ ಕ್ಯಾಷ್‌ನಿಂದ ಹೋಗುತ್ತದೆ. ಓವರ್ ಮುಗಿದಾಗ ಮಾತ್ರ ನೋಡುವವರ ಊರು, ಭಾಷೆ, ಮೊಬೈಲು ನೋಡಿ ಪಟ್ಟಿಯಲ್ಲಿ ಬೇರೆ ಬೇರೆ ಜಾಹೀರಾತು ತುಣುಕು ಪೋಣಿಸಬಹುದು. ಮುಂದಿನ ಪಂದ್ಯ ಶುರುವಾದಾಗ ನೀವೂ ನಿಮ್ಮ ಸ್ನೇಹಿತರೂ ಅಕ್ಕಪಕ್ಕ ಕೂತು, ಅವರವರ ಫೋನಿನಲ್ಲಿ ಓವರಿನ ನಡುವೆ ಯಾವ ಜಾಹೀರಾತು ಬರುತ್ತದೆಂದು ಹೋಲಿಸಿ ನೋಡಿ.